ಐಸ್ ಹಾಕಿಯ ವರ್ಷದ ಚಂದಾ: ಒಂದು ತಂಡದ ಇಡೀ ತಿರುಗಾಟವನ್ನು ಬದಿಯಡ್ಕದಿಂದ ನೋಡಿ ಬರೆದ ವಿಮರ್ಶೆ

ಕೆನಡಾದ ಎಡ್ಮಂಟನ್ ಆಯಿಲರ್ಸ್ ಎಂಬ ಐಸ್ ಹಾಕಿ ತಂಡದ ಒಂದು ಋತುವಿನ ಎಲ್ಲ ಪಂದ್ಯಗಳನ್ನೂ ನೇರವಾಗಿ ಇಲ್ಲವೇ ಮರುಪ್ರಸಾರದಲ್ಲಿ ನೋಡಲು ಅವಕಾಶ ಕೊಡುವ ಅಂತರಜಾಲ ಸೇವೆಯೊಂದಕ್ಕೆ 2023ರ ಅಕ್ಟೋಬರ್ ಮೊದಲ ವಾರದಲ್ಲಿ ನಾನು ವರ್ಷದ ಚಂದಾ ಕಟ್ಟಿದೆ. 2024ರ ಜೂನ್ 25ರ ಬೆಳಿಗ್ಗೆ, ಹೊರಗೆ ಮಳೆ ಬಿಡದೆ ಸುರಿಯುತ್ತಿದ್ದಾಗ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಆ ತಂಡದ ಕೊನೆಯ ಪಂದ್ಯವನ್ನು ನೋಡಿ ಮುಗಿಸಿದೆ. ಆ ವರ್ಷ ತಂಡ ಆಡಿದ್ದು ಒಟ್ಟು 107 ಪಂದ್ಯ. ನಾನು ನೋಡಿದ್ದು ತೊಂಬತ್ತಕ್ಕೂ ಹೆಚ್ಚು. ಸೇವೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂತಹ ಪ್ರಸಾರದ ಹಕ್ಕುಗಳು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ, ಇಂದು ಹೆಸರು ಹೇಳಿದರೆ ನಾಳೆ ಅದು ಓದುಗರಿಗೆ ಉಪಯೋಗಕ್ಕೆ ಬಾರದೆ ಹೋಗಬಹುದು. ಆದರೆ ವರ್ಷದ ಚಂದಾ ಎಂಬ ವಸ್ತು ಹೇಗಿರುತ್ತದೆ, ಅದಕ್ಕೆ ಕೊಟ್ಟ ಹಣಕ್ಕೆ ಏನು ಸಿಗುತ್ತದೆ, ನಮ್ಮ ಕಡೆಯ ಮನೆಯೊಂದರಲ್ಲಿ ಅದನ್ನು ಬಳಸುವುದು ಎಷ್ಟು ಸಾಧ್ಯ ಎಂಬುದನ್ನು ಅನುಭವದಿಂದ ಹೇಳಬಲ್ಲೆ.

ಎಡ್ಮಂಟನ್ ತಂಡವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾದದ್ದು. ನನ್ನ ತಂಗಿಯ ಮಗ ಆ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮೂವತ್ತು ವರ್ಷ ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನನಗೆ ಯಾವ ಆಟವನ್ನು ಕಂಡರೂ ಅದರ ನಿಯಮ ತಿಳಿಯದೆ ಸಮಾಧಾನವಿಲ್ಲವೆಂಬುದು ಅವನಿಗೆ ಗೊತ್ತು. ಮೊದಲೆರಡು ವರ್ಷ ಅವನು ಪಂದ್ಯಗಳ ಐದೈದು ನಿಮಿಷದ ತುಣುಕುಗಳನ್ನು ಮೊಬೈಲಿಗೆ ಕಳುಹಿಸುತ್ತಿದ್ದ. ಅವುಗಳಲ್ಲಿ ಗೋಲುಗಳಿದ್ದವು, ಢಿಕ್ಕಿಗಳಿದ್ದವು, ಆಟ ಮಾತ್ರ ಇರಲಿಲ್ಲ. ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದವನು ಇಡೀ ರಾತ್ರಿಯ ಯಕ್ಷಗಾನ ನೋಡಿದವನು. ಪೂರ್ವರಂಗದಿಂದ ಮಂಗಳದವರೆಗೆ ಕುಳಿತು ನೋಡಿದವನಿಗೆ, ಯುದ್ಧದ ಪದ್ಯ ಒಂದನ್ನೇ ಕತ್ತರಿಸಿ ತೋರಿಸಿ ಇದೇ ಪ್ರಸಂಗ ಎಂದರೆ ಹೇಗೆ ಅನ್ನಿಸುತ್ತದೆಯೋ ನನಗೂ ಹಾಗೆಯೇ ಅನ್ನಿಸಿತು. ಆದ್ದರಿಂದ ಚಂದಾ ಕಟ್ಟಿದೆ. ತಿಂಗಳ ಚಂದಾ, ವರ್ಷದ ಚಂದಾ ಎಂಬ ಎರಡು ಬಗೆಗಳಿದ್ದವು. ವರ್ಷದ್ದಕ್ಕೆ ಕೊಟ್ಟ ಹಣ ಒಂದು ಗೋಣಿ ಚಾಲಿ ಅಡಿಕೆಯ ಬೆಲೆಯ ಕಾಲು ಭಾಗದೊಳಗೆ ಮುಗಿಯಿತು.

ಈ ಹಣಕ್ಕೆ ಬರುವುದು ಏನೆಂಬುದನ್ನು ಮೊದಲು ಹೇಳಬೇಕು. ನ್ಯಾಷನಲ್ ಹಾಕಿ ಲೀಗ್ ಎಂಬ ಉತ್ತರ ಅಮೆರಿಕದ ವೃತ್ತಿಪರ ಕೂಟದಲ್ಲಿ ಆ ಋತುವಿನಲ್ಲಿ ಪ್ರತಿ ತಂಡವೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 82 ಪಂದ್ಯ ಆಡಿತು. ಅದರಲ್ಲಿ ಅರ್ಧ ಸ್ವಂತ ಊರಿನಲ್ಲಿ, ಇನ್ನರ್ಧ ಪರಊರಿನಲ್ಲಿ. ಗೆದ್ದರೆ ಎರಡು ಅಂಕ, ಹೆಚ್ಚುವರಿ ಅವಧಿಯಲ್ಲಿ ಸೋತರೆ ಒಂದು ಅಂಕ. ಅದು ಮುಗಿದ ಬಳಿಕ ಹದಿನಾರು ತಂಡಗಳು ನಾಲ್ಕು ಸುತ್ತಿನ ಪ್ಲೇ ಆಫ್‌ಗೆ ಇಳಿಯುತ್ತವೆ. ಒಂದೊಂದು ಸುತ್ತಿನಲ್ಲಿಯೂ ಒಂದೇ ಎದುರಾಳಿಯ ಮೇಲೆ ನಾಲ್ಕು ಪಂದ್ಯ ಗೆಲ್ಲಬೇಕು, ಅಂದರೆ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತುವ ತಂಡ ಹದಿನಾರು ಗೆಲುವುಗಳನ್ನು ಹೆಚ್ಚಿಗೆ ದುಡಿದಿರಬೇಕು. ಕಾರ್ತಿಕದ ಹೊತ್ತಿಗೆ ಗೆಜ್ಜೆ ಕಟ್ಟಿ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ನಮ್ಮ ಮೇಳಗಳ ವರ್ಷವನ್ನು ನಾವು ತಿರುಗಾಟ ಎನ್ನುತ್ತೇವೆ. ಇಂಗ್ಲಿಷಿನವರು ಸೀಸನ್ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಶಬ್ದ ನನಗೆ ತೋಚುವುದಿಲ್ಲ. ರಾತ್ರಿ ಒಂದು ಊರು, ಮರುದಿನ ಇನ್ನೊಂದು ಊರು. ಕಲಾವಿದನಿಗೆ ಜ್ವರವಿದ್ದರೂ ವೇಷ ಕಟ್ಟಲೇಬೇಕಾದ ದಿನಗಳು. ಒಂದು ತಿಂಗಳು ಕಳೆಗಟ್ಟದ ಆಟ ಮುಂದಿನ ತಿಂಗಳು ಏರಿಬಿಡುವ ಬಗೆ. ವರ್ಷದ ಚಂದಾದಲ್ಲಿ ಸಿಗುವುದು ಇದು.

ಸಮಯದ ವಿಷಯದಲ್ಲಿ ಈ ಸೇವೆ ನಮ್ಮಂತಹ ತೋಟದ ಮನೆಯವರಿಗಾಗಿಯೇ ಮಾಡಿದಂತಿದೆ. ಯುರೋಪಿನ ಫುಟ್‌ಬಾಲ್ ನೋಡಬೇಕಾದರೆ ನಡುರಾತ್ರಿ ಎಚ್ಚರವಿರಬೇಕು. ಎಡ್ಮಂಟನ್ನಿನಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮ್ಮಲ್ಲಿ ಮರುದಿನ ಬೆಳಿಗ್ಗೆ ಏಳೂವರೆಗೆ ಬರುತ್ತದೆ. ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವ ತಿಂಗಳುಗಳಲ್ಲಿ ಆರೂವರೆಗೆ. ತಂಡ ಪೂರ್ವ ತೀರದ ಊರುಗಳಿಗೆ ಹೋದಾಗ ನಸುಕಿನ ನಾಲ್ಕೂವರೆ ಅಥವಾ ಐದೂವರೆಗೆ ಏಳಬೇಕಾಗುತ್ತದೆ, ಅದೂ ಇಲ್ಲಿನವರಿಗೆ ಹೊಸತಲ್ಲ. ದನಗಳಿಗೆ ಹುಲ್ಲು ಹಾಕಿ, ಕಾಫಿ ಕುಡಿದು ಕುಳಿತರೆ ಮೊದಲ ಅವಧಿ. ಅವಧಿಗಳ ನಡುವಿನ ಹದಿನೆಂಟು ನಿಮಿಷದ ವಿರಾಮದಲ್ಲಿ ಅಂಗಳದ ಅಡಿಕೆ ಹರವಿ ಬರಬಹುದು. ಮೂರನೆಯ ಅವಧಿ ಮುಗಿಯುವಾಗ ತೋಟಕ್ಕೆ ಇಳಿಯುವ ಹೊತ್ತು. ಎಂಟು ತಿಂಗಳಿನಲ್ಲಿ ಈ ಆಟಕ್ಕಾಗಿ ತೋಟದ ಕೆಲಸ ಒಂದು ದಿನವೂ ಹಿಂದೆ ಬೀಳಲಿಲ್ಲ ಎಂಬುದನ್ನು ನನ್ನ ಮನೆಯವಳೂ ಒಪ್ಪುತ್ತಾಳೆ.

ಆದರೆ ಹೊಸಬನಿಗೆ ಆಟವನ್ನು ಕಲಿಸುವ ಜವಾಬ್ದಾರಿಯನ್ನು ಈ ಸೇವೆ ಒಂದಿಷ್ಟೂ ಹೊತ್ತುಕೊಳ್ಳುವುದಿಲ್ಲ, ಇದು ನನ್ನ ಮೊದಲ ಆಕ್ಷೇಪ. ನಿಯಮಗಳ ಪುಟವಿಲ್ಲ, ಶಬ್ದಗಳ ಅರ್ಥವಿಲ್ಲ, ನಿರೂಪಕರು ಹುಟ್ಟಿನಿಂದ ಸ್ಕೇಟು ಕಟ್ಟಿದವರೊಡನೆ ಮಾತನಾಡುವಂತೆ ಮಾತನಾಡುತ್ತಾರೆ. ನಾನು ದಾರಿ ಕಂಡುಕೊಂಡದ್ದು ಕಬಡ್ಡಿಯ ಮೂಲಕ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಹೊರತು ಐದು ಮಂದಿ ಅಂಕಣದಲ್ಲಿರುತ್ತಾರೆ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು, ಅವನ ಜಾಗಕ್ಕೆ ಇನ್ನೊಬ್ಬ ಬರುವಂತಿಲ್ಲ; ನಾಲ್ವರು ಐವರನ್ನು ತಡೆಯಬೇಕು. ಮೂರೇ ಮಂದಿ ಉಳಿದ ಕಬಡ್ಡಿ ತಂಡ ಒಬ್ಬ ಬಲಿಷ್ಠ ರೈಡರನ್ನು ಎದುರಿಸುವಾಗ ಹೇಗೆ ಕೈ ಕೈ ಹಿಡಿದು ಸರಪಳಿ ಕಟ್ಟಿ ಮೂಲೆಗಳನ್ನು ಕಾಯುತ್ತದೆಯೋ ಅದೇ ಬುದ್ಧಿ ಇಲ್ಲಿಯೂ ಕೆಲಸ ಮಾಡುತ್ತದೆ ಎಂದು ಗೊತ್ತಾದ ದಿನ ಆಟ ನನಗೆ ತೆರೆದುಕೊಂಡಿತು. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ, ಆಟ ನಿಲ್ಲದೆಯೇ ಬದಲಾಗುತ್ತಾರೆ; ಯಾಕೆಂದರೆ ಆ ವೇಗದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಓಡಲು ಮನುಷ್ಯನ ಉಸಿರು ಸಾಲದು. ಗೋಲು ಹೊಡೆದವನಿಗೆ ಮಾತ್ರವಲ್ಲ, ಅದಕ್ಕೆ ಮುಂಚೆ ಪಕ್ಕನ್ನು, ಅಂದರೆ ಚೆಂಡಿನ ಬದಲಿಗೆ ಇರುವ ಬಿಲ್ಲೆಯನ್ನು, ದಾಟಿಸಿದ ಇಬ್ಬರಿಗೂ ಅಸಿಸ್ಟ್ ಎಂದು ಲೆಕ್ಕ ಸಿಗುತ್ತದೆ. ಶಾಲೆಯ ಮಕ್ಕಳಿಗೆ ಆಟ ಕಲಿಸಿದವನಾಗಿ ಈ ಲೆಕ್ಕದ ಪದ್ಧತಿ ನನಗೆ ಬಹಳ ಮೆಚ್ಚಿಗೆಯಾಯಿತು. ಪಾಸು ಕೊಟ್ಟವನ ಹೆಸರನ್ನೂ ಫಲಕದಲ್ಲಿ ಬರೆಯುವ ಆಟ ಮಕ್ಕಳಿಗೆ ಒಳ್ಳೆಯದನ್ನು ಕಲಿಸುತ್ತದೆ.

ಚಿತ್ರದ ಗುಣಮಟ್ಟ ಒಳ್ಳೆಯದಿದೆ, ಆದರೆ ಅದು ನಮ್ಮ ಸಂಪರ್ಕವನ್ನು ಹೊಂದಿಕೊಂಡಿರುತ್ತದೆ. ಪಕ್ ಎಂಬುದು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕರಿಯ ರಬ್ಬರ್ ಬಿಲ್ಲೆ. 200 ಅಡಿ ಉದ್ದ, 85 ಅಡಿ ಅಗಲದ ಬಿಳಿ ಮಂಜುಗಡ್ಡೆಯ ಮೇಲೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಮೊಬೈಲಿನ ಪರದೆಯಲ್ಲಿ ಇದನ್ನು ನೋಡುವುದು ವ್ಯರ್ಥ. ಕೇಬಲಿನವರು ಎಳೆದುಕೊಟ್ಟ ಫೈಬರ್ ಸಂಪರ್ಕಕ್ಕೆ ಟಿವಿಯನ್ನು ಸೇರಿಸಿದ ಮೇಲೆಯೇ ಪಕ್ ಕಾಣಿಸಲು ಶುರುವಾದದ್ದು, ಅದೂ ಎರಡು ವಾರ ಅಭ್ಯಾಸವಾದ ನಂತರ. ಪಕ್ಕನ್ನು ಹುಡುಕುವುದನ್ನು ಬಿಟ್ಟು ಆಟಗಾರರ ಭುಜಗಳನ್ನು ನೋಡಿದರೆ ಪಕ್ ಎಲ್ಲಿದೆಯೆಂದು ತಾನಾಗಿ ತಿಳಿಯುತ್ತದೆ. ಸಂಪರ್ಕ ದುರ್ಬಲವಾದಾಗ ಸೇವೆ ಚಿತ್ರವನ್ನು ನಿಲ್ಲಿಸುವುದಿಲ್ಲ, ಮಸುಕುಗೊಳಿಸುತ್ತದೆ. ಬೇರೆ ಆಟಗಳಿಗೆ ಇದು ಸರಿಯಾದ ಕ್ರಮ. ಐಸ್ ಹಾಕಿಯಲ್ಲಿ ಮಸುಕಾದ ಚಿತ್ರವೆಂದರೆ ಪಕ್ ಇಲ್ಲದ ಚಿತ್ರ. ಜಾಹೀರಾತಿನ ಹೊತ್ತಿನಲ್ಲಿ ಅಲ್ಲಿನ ಜಾಹೀರಾತುಗಳ ಬದಲಿಗೆ ಒಂದು ನೀಲಿ ಫಲಕ ಮೌನವಾಗಿ ನಿಂತಿರುತ್ತದೆ. ಅದು ನನಗೆ ಹಿತವೇ ಆಗಿತ್ತು.

ನಿರೂಪಣೆಯಲ್ಲಿ ಆಯ್ಕೆಯಿದೆ: ಊರಿನ ತಂಡದ ವಾಹಿನಿಯ ಧ್ವನಿ, ಇಲ್ಲವೇ ಎದುರಾಳಿಯ ವಾಹಿನಿಯ ಧ್ವನಿ. ಸೋತ ಪಂದ್ಯಗಳನ್ನು ಎದುರಾಳಿಯ ಧ್ವನಿಯಲ್ಲಿ ಮರುಪ್ರಸಾರ ನೋಡಿದರೆ ನಮ್ಮ ತಂಡದ ದೋಷ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದು ನಾನು ಕಂಡುಕೊಂಡ ಉಪಾಯ.

ಇನ್ನು ಆ ವರ್ಷದ ತಿರುಗಾಟದ ಮಾತು. ವರ್ಷದ ಚಂದಾ ಯಾಕೆ ತಿಂಗಳ ಚಂದಾಕ್ಕಿಂತ ಮೇಲು ಎಂಬ ನನ್ನ ಅಭಿಪ್ರಾಯಕ್ಕೆ ಆಧಾರ ಅಲ್ಲಿದೆ. 2023ರ ಅಕ್ಟೋಬರ್ 11ರಂದು ವ್ಯಾಂಕೂವರಿನಲ್ಲಿ ನಡೆದ ಮೊದಲ ಪಂದ್ಯವನ್ನೇ ಎಡ್ಮಂಟನ್ 8-1ರಿಂದ ಸೋತಿತು. ಕಾನರ್ ಮೆಕ್‌ಡೇವಿಡ್, ಲಿಯೊನ್ ಡ್ರೈಸೈಟಲ್ ಎಂಬ ಜಗತ್ತಿನ ಮೇಲ್ತರಗತಿಯ ಇಬ್ಬರು ಆಟಗಾರರಿದ್ದು, ಕಪ್ ಗೆಲ್ಲಬಹುದೆಂದು ಎಲ್ಲರೂ ಹೇಳುತ್ತಿದ್ದ ತಂಡ ಅದು. ಅಕ್ಟೋಬರ್ 29ರಂದು ಬಯಲಿನ ಕ್ರೀಡಾಂಗಣದಲ್ಲಿ, ತೆರೆದ ಆಕಾಶದ ಕೆಳಗೆ, ನೆರೆಯ ಕ್ಯಾಲ್ಗರಿಯನ್ನು 5-2ರಿಂದ ಸೋಲಿಸಿದ್ದನ್ನು ಬಿಟ್ಟರೆ ಆ ತಿಂಗಳಲ್ಲಿ ನೆನಪಿಟ್ಟುಕೊಳ್ಳುವಂತಹದ್ದು ಹೆಚ್ಚಿಲ್ಲ. ನವೆಂಬರ್ 9ರಂದು ಸ್ಯಾನ್ ಹೋಸೆ ಶಾರ್ಕ್ಸ್ ಮೇಲೆ 3-2ರಿಂದ ಸೋತಾಗ ಹನ್ನೆರಡು ಪಂದ್ಯಗಳಲ್ಲಿ ಗೆಲುವು ಎರಡೇ ಎರಡು. ಆ ಶಾರ್ಕ್ಸ್ ತಂಡವೂ ಮೊದಲ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಪಟ್ಟಿಯ ತಳದಲ್ಲಿದ್ದ ಇಬ್ಬರ ನಡುವಿನ ಪಂದ್ಯದಲ್ಲಿಯೂ ನಮ್ಮವರು ಸೋತರು. ನವೆಂಬರ್ 12ರಂದು ಕೋಚ್ ಜೇ ವುಡ್‌ಕ್ರಾಫ್ಟ್ ಅವರನ್ನು ತೆಗೆದುಹಾಕಿ ಕ್ರಿಸ್ ನಾಬ್ಲಾಕ್ ಅವರನ್ನು ನೇಮಿಸಲಾಯಿತು. ಮೆಕ್‌ಡೇವಿಡ್ ಹುಡುಗನಾಗಿದ್ದಾಗ ಈರಿ ಆಟರ್ಸ್ ಎಂಬ ಕಿರಿಯರ ತಂಡದಲ್ಲಿ ಅವನಿಗೆ ಕಲಿಸಿದ ಗುರು ಇವರು.

ಆ ದಿನಗಳಲ್ಲಿ ಚಂದಾ ರದ್ದು ಮಾಡುವ ಗುಂಡಿಯ ಬಳಿಗೆ ಎರಡು ಸಲ ಹೋಗಿ ಬಂದೆ. ಅಂಗಳದಲ್ಲಿ ಮೊದಲ ಕೊಯ್ಲಿನ ಅಡಿಕೆ, ಆಗಾಗ ಹಿಂದಿರುಗಿ ಬರುವ ತುಲಾ ಮಳೆ, ಬೆಳಿಗ್ಗೆ ಎದ್ದರೆ ಸೋಲು. ರದ್ದು ಮಾಡದೆ ಉಳಿದದ್ದಕ್ಕೆ ಕಾರಣ ಇಡೀ ಪಂದ್ಯಗಳನ್ನು ನೋಡಿದ್ದು. ತುಣುಕುಗಳನ್ನು ಮಾತ್ರ ನೋಡುತ್ತಿದ್ದರೆ ಗೋಲ್‌ಕೀಪರ್ ಬಿಟ್ಟುಕೊಟ್ಟ ಗೋಲುಗಳಷ್ಟೇ ಕಾಣುತ್ತಿದ್ದವು, ತಂಡ ಕೆಟ್ಟದ್ದೆಂದು ತೀರ್ಮಾನಿಸುತ್ತಿದ್ದೆ. ಇಡೀ ಅರುವತ್ತು ನಿಮಿಷ ನೋಡಿದವನಿಗೆ ಕಂಡದ್ದು ಬೇರೆ: ಪಕ್ ಹೆಚ್ಚು ಹೊತ್ತು ಇವರ ಕೋಲಿನಲ್ಲಿಯೇ ಇರುತ್ತಿತ್ತು, ದಾಳಿಗಳು ಸರಿಯಾಗಿ ಕಟ್ಟಿಕೊಳ್ಳುತ್ತಿದ್ದವು, ಕೊನೆಯ ಹೊಡೆತ ಮಾತ್ರ ಒಳಗೆ ಹೋಗುತ್ತಿರಲಿಲ್ಲ, ಮತ್ತು ತನ್ನ ಗೋಲಿನ ಮುಂದೆ ಒಂದು ಕ್ಷಣದ ಗಲಿಬಿಲಿಗೆ ಇಡೀ ದಿನದ ಕೆಲಸ ಹಾಳಾಗುತ್ತಿತ್ತು. ಹೊಸ ಕೋಚ್ ಜೊತೆಗೆ ರಕ್ಷಣೆಯ ಆಟಗಾರರನ್ನು ನೋಡಿಕೊಳ್ಳಲು ಬಂದವರು 1980ರ ದಶಕದಲ್ಲಿ ಇದೇ ತಂಡಕ್ಕೆ ಕಪ್ ಗೆದ್ದುಕೊಟ್ಟ ಪಾಲ್ ಕಾಫಿ. ಅವರು ಬಂದ ಮೇಲೆ ಹಿಂದಿನ ಸಾಲಿನವರು ಪಕ್ ಸಿಕ್ಕಿದೊಡನೆ ಹೆದರಿ ಗೋಡೆಗೆ ಬಡಿಯುವುದನ್ನು ಬಿಟ್ಟು ತಲೆ ಎತ್ತಿ ಪಾಸು ಕೊಡಲು ಶುರು ಮಾಡಿದ್ದು ನನ್ನ ಕಣ್ಣಿಗೆ ಬಿದ್ದ ಮೊದಲ ಬದಲಾವಣೆ. ಅದು ಯಾವ ತುಣುಕಿನಲ್ಲಿಯೂ ಬರುವುದಿಲ್ಲ.

ಡಿಸೆಂಬರ್ 21ರಿಂದ ಜನವರಿ 27ರವರೆಗೆ ತಂಡ ಸೋಲಲೇ ಇಲ್ಲ. ಸತತ ಹದಿನಾರು ಗೆಲುವು. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ 1992-93ರಲ್ಲಿ ಮಾಡಿದ ಹದಿನೇಳರ ದಾಖಲೆಗೆ ಒಂದೇ ಕಡಿಮೆ. ನಮ್ಮಲ್ಲಿ ಅದು ಅಡಿಕೆ ಒಣಗುವ, ರಾತ್ರಿ ಯಕ್ಷಗಾನದ ಆಟಗಳು ನಡೆಯುವ, ಬೆಳಿಗ್ಗೆ ಚಳಿ ಬೀಳುವ ಕಾಲ. ನೆರೆಮನೆಯ ಪ್ಲಸ್ ಟು ಓದುವ ಹುಡುಗ ಶಾಲೆಗೆ ಹೊರಡುವ ಮೊದಲು ಬಂದು ಅರ್ಧ ಗಂಟೆ ನೋಡಿ ಹೋಗುತ್ತಿದ್ದ. ಸೆವೆನ್ಸ್ ಫುಟ್‌ಬಾಲ್ ಆಡುವವನಾದ್ದರಿಂದ ಆಟಗಾರರು ಗುಂಪು ಗುಂಪಾಗಿ ಬದಲಾಗುವ ಕ್ರಮವನ್ನು ನನಗಿಂತ ಬೇಗ ಹಿಡಿದ. ನಡುವೆ ಹತ್ತು ದಿನಗಳ ವಿರಾಮ ಬಂದಿತು, ವಿರಾಮದ ಬಳಿಕ ಫೆಬ್ರವರಿ 6ರಂದು ಲಾಸ್ ವೇಗಸ್‌ನಲ್ಲಿ 3-1ರಿಂದ ಸೋತರು. ಸರಿಸಮ ಮಾಡಬಹುದಾಗಿದ್ದ ದಾಖಲೆ ಹಾಗೆ ಕೈತಪ್ಪಿದಾಗ ನನಗಾದ ಬೇಸರಕ್ಕಿಂತ ಹೆಚ್ಚಿನದು, ನವೆಂಬರಿನಲ್ಲಿ ಇವರನ್ನು ಬಿಟ್ಟುಬಿಡಲಿಲ್ಲವಲ್ಲ ಎಂಬ ಸಂತೋಷ.

ಋತುವಿನ ಕೊನೆಗೆ 49 ಗೆಲುವು, 104 ಅಂಕ. ಜಾಕ್ ಹೈಮನ್ 54 ಗೋಲು ಹೊಡೆದ. ಈ ಹೈಮನ್ ಬಗ್ಗೆ ಎರಡು ಮಾತು ಹೆಚ್ಚು ಬರೆಯಬೇಕೆನ್ನಿಸುತ್ತದೆ, ಏಕೆಂದರೆ ಸಣ್ಣ ತುಣುಕುಗಳು ಅತಿ ಹೆಚ್ಚು ಅನ್ಯಾಯ ಮಾಡುವುದು ಇಂತಹ ಆಟಗಾರನಿಗೆ. ಅವನ ಗೋಲುಗಳಲ್ಲಿ ಬಹುಪಾಲು ಬಲೆಯ ಬಾಯಿಯಲ್ಲಿಯೇ ನಿಂತು ತಳ್ಳಿದವು; ತುಣುಕಿನಲ್ಲಿ ನೋಡಿದರೆ ಯಾರಾದರೂ ಹೊಡೆಯಬಹುದಿತ್ತು ಅನ್ನಿಸುತ್ತದೆ. ಆದರೆ ಆ ಜಾಗದಲ್ಲಿ ನಿಲ್ಲುವುದಕ್ಕಾಗಿ ಅವನು ಇಡೀ ಪಂದ್ಯ ಬೆನ್ನಿಗೆ, ಕಾಲಿಗೆ, ಪಕ್ಕೆಗೆ ತಿಂದ ಕೋಲಿನ ಏಟುಗಳನ್ನು ಯಾರೂ ಕತ್ತರಿಸಿ ತೋರಿಸುವುದಿಲ್ಲ. ಮೆಕ್‌ಡೇವಿಡ್ 32 ಗೋಲು, 100 ಅಸಿಸ್ಟ್. ಒಂದೇ ಋತುವಿನಲ್ಲಿ ನೂರು ಅಸಿಸ್ಟ್ ಮುಟ್ಟಿದವರು ಈ ಲೀಗಿನ ಇತಿಹಾಸದಲ್ಲಿ ಅದುವರೆಗೆ ಬಾಬಿ ಓರ್, ವೇಯ್ನ್ ಗ್ರೆಟ್ಸ್ಕಿ, ಮಾರಿಯೊ ಲೆಮ್ಯೂ ಎಂಬ ಮೂವರೇ. ಅದೇ ವಸಂತದಲ್ಲಿ ಟ್ಯಾಂಪಾದ ನಿಕಿಟಾ ಕುಚರಾವ್ ಕೂಡ ಆ ಸಾಲಿಗೆ ಸೇರಿದ. ನೂರು ಸಲ ಬೇರೆಯವರಿಗೆ ಗೋಲು ಮಾಡಿಸಿಕೊಟ್ಟವನ ಆಟವನ್ನು ಎಂಟು ತಿಂಗಳು ಬೆಳಿಗ್ಗೆ ಬೆಳಿಗ್ಗೆ ನೋಡುವ ಅವಕಾಶಕ್ಕೆ ನಾನು ಕೊಟ್ಟ ಹಣ ಹೆಚ್ಚಾಯಿತೆಂದು ಎಂದೂ ಅನ್ನಿಸಲಿಲ್ಲ.

ಪ್ಲೇ ಆಫ್ ಬಂದಾಗ ಸೇವೆಯ ಒಂದು ಬಲ, ಒಂದು ದೌರ್ಬಲ್ಯ ಎರಡೂ ಒಟ್ಟಿಗೆ ತಿಳಿದವು. ಬಲವೆಂದರೆ ವರ್ಷದ ಚಂದಾದಲ್ಲಿಯೇ ಇವೂ ಸೇರಿದ್ದವು, ಬೇರೆ ಹಣ ಕೇಳಲಿಲ್ಲ. ಈ ಹಂತದಲ್ಲಿ ಪಂದ್ಯ ಸಮವಾದರೆ ಗೋಲು ಬೀಳುವವರೆಗೆ ಇಪ್ಪತ್ತಿಪ್ಪತ್ತು ನಿಮಿಷದ ಅವಧಿಗಳನ್ನು ಆಡುತ್ತಲೇ ಹೋಗುತ್ತಾರೆ. ಮೂರನೆಯ ಸುತ್ತಿನಲ್ಲಿ ಡಲ್ಲಾಸ್ ಮೇಲಿನ ಮೊದಲ ಪಂದ್ಯದಲ್ಲಿ ಎರಡನೆಯ ಹೆಚ್ಚುವರಿ ಅವಧಿ ಶುರುವಾಗಿ ಅರ್ಧ ನಿಮಿಷದಲ್ಲಿ ಮೆಕ್‌ಡೇವಿಡ್ ಗೋಲು ಹೊಡೆದದ್ದನ್ನು ನೇರಪ್ರಸಾರ ಒಂದು ಕ್ಷಣವೂ ಕಡಿಯದೆ ತೋರಿಸಿತು. ದೌರ್ಬಲ್ಯ ಮರುಪ್ರಸಾರದಲ್ಲಿ. ಹಲವು ಪಂದ್ಯಗಳ ಕಡತವನ್ನು ಮೂರು ಗಂಟೆಯ ಲೆಕ್ಕ ಹಾಕಿ ಅಲ್ಲಿಗೆ ಕತ್ತರಿಸಿದ್ದರಿಂದ, ಬೆಳಿಗ್ಗೆ ಪುರಸೊತ್ತಿಲ್ಲದೆ ಸಂಜೆ ನೋಡಲು ಕುಳಿತವನಿಗೆ ಹೆಚ್ಚುವರಿ ಅವಧಿಯ ನಡುವಿನಲ್ಲಿ ಪರದೆ ಕಪ್ಪಾಗುತ್ತಿತ್ತು. ಇದಕ್ಕಾಗಿ ಬರೆದ ಮಿಂಚಂಚೆಗೆ ಐದು ದಿನದ ನಂತರ ಉತ್ತರ ಬಂದಿತು. ಉತ್ತರದಲ್ಲಿ ಸಂಪರ್ಕವನ್ನು ಪರೀಕ್ಷಿಸಿಕೊಳ್ಳುವಂತೆ ನನಗೇ ಸೂಚನೆಯಿತ್ತು. ಕೇಳಿದ ಪ್ರಶ್ನೆಯನ್ನು ಓದದೆ ಕೊಟ್ಟ ಇಂತಹ ಉತ್ತರ ಗ್ರಾಹಕನಿಗೆ ಮಾಡುವ ಅಗೌರವವೆಂದು ನಾನು ತಿಳಿಯುತ್ತೇನೆ.

ಮೊದಲ ಸುತ್ತಿನಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ಮೇಲೆ ಐದು ಪಂದ್ಯಗಳಲ್ಲಿ ಗೆಲುವು ಸುಲಭವಾಗಿಯೇ ಬಂದಿತು. ಎರಡನೆಯ ಸುತ್ತಿನಲ್ಲಿ ವ್ಯಾಂಕೂವರಿನ ಮೇಲೆ ಏಳೂ ಪಂದ್ಯ ಬೇಕಾಯಿತು. ಅಲ್ಲಿ ಎಡ್ಮಂಟನ್ನಿನವನೇ ಆದ ಗೋಲ್‌ಕೀಪರ್ ಸ್ಟುವರ್ಟ್ ಸ್ಕಿನ್ನರನನ್ನು ಕೋಚ್ ನಾಲ್ಕು ಮತ್ತು ಐದನೆಯ ಪಂದ್ಯಗಳಲ್ಲಿ ಕೂರಿಸಿ ಕ್ಯಾಲ್ವಿನ್ ಪಿಕರ್ಡನನ್ನು ಇಳಿಸಿದರು, ಆರನೆಯದಕ್ಕೆ ಮತ್ತೆ ಸ್ಕಿನ್ನರನನ್ನೇ ಕರೆದರು. ಹುಟ್ಟೂರಿನ ಜನರ ಮುಂದೆ ಬೆಂಚಿನಲ್ಲಿ ಕೂತು ಎದ್ದು ಬಂದ ಆ ಯುವಕ ಜೂನ್ 2ರಂದು ಡಲ್ಲಾಸ್ ಮೇಲಿನ ಆರನೆಯ ಪಂದ್ಯದಲ್ಲಿ 35 ಹೊಡೆತಗಳಲ್ಲಿ 34ನ್ನು ತಡೆದ. ನಮ್ಮವರು ಹೊಡೆದದ್ದು ಹತ್ತೇ ಹತ್ತು, ಗೆದ್ದದ್ದು 2-1ರಿಂದ. ಇಡೀ ಋತುವಿನಲ್ಲಿ ಒಂದೇ ಪಂದ್ಯವನ್ನು ಮತ್ತೆ ನೋಡಲು ಸಿಗುವುದಾದರೆ ನಾನು ಇದನ್ನೇ ಕೇಳುತ್ತೇನೆ. ನವೆಂಬರಿನಲ್ಲಿ ಇದೇ ತಂಡ ಹೆಚ್ಚು ಹೊಡೆದು ಸೋಲುತ್ತಿತ್ತು, ಜೂನಿನಲ್ಲಿ ಕಡಿಮೆ ಹೊಡೆದು ಗೆದ್ದಿತು. ಈ ಎರಡನ್ನೂ ನೋಡಿದವನಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ.

2006ರ ಬಳಿಕ ಮೊದಲ ಬಾರಿಗೆ ಎಡ್ಮಂಟನ್ ಫೈನಲಿಗೆ ಬಂದಿತು. ಎದುರಾಳಿ ಫ್ಲೋರಿಡಾ ಪ್ಯಾಂಥರ್ಸ್. ಎರಡು ಊರುಗಳ ನಡುವೆ ಸುಮಾರು 4,000 ಕಿಲೋಮೀಟರ್. ಮೊದಲ ಮೂರು ಪಂದ್ಯಗಳನ್ನೂ ನಮ್ಮವರು ಸೋತರು. ಕಾಸರಗೋಡಿನಲ್ಲಿ ಆಗ ಮಳೆ ಹಿಡಿದಿತ್ತು, ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಲು ಬಿಸಿಲಿನ ಒಂದು ದಿನಕ್ಕಾಗಿ ಎಲ್ಲರೂ ಆಕಾಶ ನೋಡುತ್ತಿದ್ದರು, ಗಾಳಿಗೆ ರಬ್ಬರ್ ಮರ ತಂತಿಯ ಮೇಲೆ ಬಿದ್ದು ವಿದ್ಯುತ್ ಹೋಗುವುದು ದಿನನಿತ್ಯದ ಸಂಗತಿಯಾಗಿತ್ತು. ಇನ್ವರ್ಟರಿಗೆ ಟಿವಿಯನ್ನೂ ಫೈಬರಿನ ಪೆಟ್ಟಿಗೆಯನ್ನೂ ಸೇರಿಸಿ, ಬೇರೆಲ್ಲವನ್ನೂ ಆರಿಸಿ ನೋಡಿದೆವು. ಜೂನ್ 16ರ ಭಾನುವಾರ ಬೆಳಿಗ್ಗೆ ನಾಲ್ಕನೆಯ ಪಂದ್ಯವನ್ನು 8-1ರಿಂದ ಗೆದ್ದರು. ಅಕ್ಟೋಬರಿನ ಮೊದಲ ಪಂದ್ಯದಲ್ಲಿ ತಾವು ಸೋತ ಅದೇ ಅಂತರ. ಐದನೆಯದು 5-3, ಆರನೆಯದು 5-1. ಮೂರು ಸೋತವರು ಮೂರು ಗೆದ್ದು ಸಮ ಮಾಡಿದ್ದು ಫೈನಲಿನಲ್ಲಿ 1945ರ ನಂತರ ನಡೆದಿರಲಿಲ್ಲ. ಹಾಗೆ ಬಂದು ಏಳನೆಯದನ್ನೂ ಗೆದ್ದವರು 1942ರ ಟೊರೊಂಟೊ ಮೇಪಲ್ ಲೀಫ್ಸ್ ಮಾತ್ರ.

ಜೂನ್ 25ರ ಬೆಳಿಗ್ಗೆ ಐದೂವರೆಗೆ ನಮ್ಮ ಚಾವಡಿಯಲ್ಲಿ ಏಳು ಮಂದಿ ಇದ್ದರು. ಫ್ಲೋರಿಡಾದ ಮೊದಲ ಗೋಲಿಗೆ ಮಟಿಯಾಸ್ ಯಾನ್‌ಮಾರ್ಕ್ ಬೇಗನೆ ಉತ್ತರ ಕೊಟ್ಟ, ಎರಡನೆಯ ಅವಧಿಯಲ್ಲಿ ಸ್ಯಾಮ್ ರೈನ್‌ಹಾರ್ಟ್ ಮತ್ತೆ ಫ್ಲೋರಿಡಾವನ್ನು ಮುಂದೆ ತಂದ. ಮೂರನೆಯ ಅವಧಿಯ ಕೊನೆಯಲ್ಲಿ ಗೋಲ್‌ಕೀಪರನನ್ನು ಹೊರಗೆ ಕರೆದು ಅವನ ಬದಲಿಗೆ ಆರನೆಯ ದಾಳಿಗಾರನನ್ನು ಇಳಿಸಿದರು. ಬಲೆಯನ್ನು ಖಾಲಿ ಬಿಟ್ಟು ಎಲ್ಲವನ್ನೂ ಪಣಕ್ಕಿಡುವ ಆ ಕ್ರಮವನ್ನು ವರ್ಷವಿಡೀ ನೋಡಿದ್ದರೂ ಅಂದು ನನ್ನ ಕೈ ನಡುಗುತ್ತಿತ್ತು. 2-1. ಪ್ಲೇ ಆಫ್‌ನ ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಪ್ರಶಸ್ತಿ ಸೋತ ತಂಡದ ಮೆಕ್‌ಡೇವಿಡ್‌ಗೆ ಘೋಷಣೆಯಾಯಿತು. 25 ಪಂದ್ಯಗಳಲ್ಲಿ 34 ಅಸಿಸ್ಟ್ ಮಾಡಿ ಗ್ರೆಟ್ಸ್ಕಿಯ 31ರ ದಾಖಲೆಯನ್ನು ಮುರಿದಿದ್ದ ಅವನು ಅದನ್ನು ತೆಗೆದುಕೊಳ್ಳಲು ಅಂಕಣಕ್ಕೆ ಬರಲಿಲ್ಲ. ಫ್ಲೋರಿಡಾದವರು ತಮ್ಮ ಮೊದಲ ಕಪ್ ಎತ್ತಿಕೊಂಡು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಿದ್ದುದನ್ನು ನಾವು ಕೊನೆಯವರೆಗೂ ನೋಡಿದೆವು. ಪ್ರಸಾರ ಆ ಸಮಾರಂಭವನ್ನು ಅವಸರ ಮಾಡದೆ ಪೂರ್ತಿಯಾಗಿ ತೋರಿಸಿತು, ಅದಕ್ಕಾಗಿ ಆ ಸೇವೆಗೆ ಕೃತಜ್ಞತೆ ಹೇಳಬೇಕು. ಎಡ್ಮಂಟನ್ನಿನಿಂದ ತಂಗಿಯ ಮಗ ಕರೆ ಮಾಡಿದಾಗ ಇಬ್ಬರಿಗೂ ಹೆಚ್ಚು ಮಾತು ಬರಲಿಲ್ಲ.

ಇನ್ನು ಕೊಳ್ಳುವವರಿಗೆ ಬೇಕಾದ ವಿವರ. ಸೇವೆಯ ಮುಖಪುಟದಲ್ಲಿ ಮುಗಿದ ಪಂದ್ಯಗಳ ಫಲಿತಾಂಶ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಅದನ್ನು ಮುಚ್ಚುವ ಸೌಲಭ್ಯ ಹೊಂದಿಸುವಿಕೆಯ ಮೂರನೆಯ ಪುಟದಲ್ಲಿ ಅಡಗಿದೆ, ಚಂದಾ ಕಟ್ಟಿದ ದಿನವೇ ಹೋಗಿ ಅದನ್ನು ಮುಚ್ಚಿರಿ. ಮರುವರ್ಷಕ್ಕೆ ಹಣ ತಾನಾಗಿ ಕಡಿತವಾಗುವ ಗುರುತನ್ನೂ ಆಗಲೇ ತೆಗೆಯಿರಿ, ಬೇಕಾದರೆ ನೀವೇ ಕಟ್ಟಬಹುದು. ತಿಂಗಳ ಚಂದಾವನ್ನು ಜೂನಿಗೆ ಮಾತ್ರ ತೆಗೆದುಕೊಂಡು ಫೈನಲ್ ನೋಡೋಣವೆಂಬ ಯೋಚನೆ ಹಲವರಿಗೆ ಬರುತ್ತದೆ, ನನ್ನ ಸಹೋದ್ಯೋಗಿಯಾಗಿದ್ದ ಮಾಸ್ಟರರೊಬ್ಬರು ಹಾಗೆಯೇ ಮಾಡಿದರು. ಏಳು ಪಂದ್ಯಗಳನ್ನೂ ನೋಡಿದ ಅವರು, ಸೋತ ತಂಡಕ್ಕಾಗಿ ನಮ್ಮ ಮನೆಯವರೆಲ್ಲ ಯಾಕೆ ಅಷ್ಟು ಮೌನವಾದೆವು ಎಂದು ಕೇಳಿದರು. ಅವರು ನವೆಂಬರನ್ನು ನೋಡಿರಲಿಲ್ಲ. ಐಸ್ ಹಾಕಿಗೆ ಪೂರಾ ಹೊಸಬರಾದವರೂ ಅಕ್ಟೋಬರಿನಲ್ಲಿ ಒಂದು ತಂಡವನ್ನು ಹಿಡಿದು ಶುರು ಮಾಡಲಿ. ಹತ್ತು ತಂಡಗಳ ಹತ್ತು ಪಂದ್ಯ ನೋಡುವುದಕ್ಕಿಂತ ಒಂದೇ ತಂಡದ ಹತ್ತು ಪಂದ್ಯ ನೋಡಿದರೆ ನಿಯಮಗಳು ಬೇಗ ತಿಳಿಯುತ್ತವೆ, ಮುಖಗಳು ಪರಿಚಯವಾಗುತ್ತವೆ. ನಲವತ್ತು ಎಂಬಿಪಿಎಸ್‌ನ ಫೈಬರ್, ಮೂವತ್ತೆರಡು ಇಂಚಿನ ಟಿವಿ ಇದ್ದರೆ ಸಾಕು.

ನನ್ನ ಅತಿ ದೊಡ್ಡ ಅಸಮಾಧಾನ ಒಂದು ಉಳಿದಿದೆ. ಸೆಪ್ಟೆಂಬರಿನಲ್ಲಿ, ಹೊಸ ಋತುವಿಗೆ ಮೊದಲು, ಸ್ಯಾನ್ ಹೋಸೆಯಲ್ಲಿ ಸೋತ ಆ ನವೆಂಬರಿನ ಪಂದ್ಯವನ್ನೂ ಡಲ್ಲಾಸಿನ ಮೇಲಿನ ಆರನೆಯ ಪಂದ್ಯವನ್ನೂ ಒಂದರ ಬೆನ್ನಿಗೆ ಒಂದು ನೋಡಬೇಕೆಂದು ಕುಳಿತಾಗ ಹಿಂದಿನ ವರ್ಷದ ಪಂದ್ಯಗಳೆಲ್ಲ ಸೇವೆಯಿಂದ ಅಳಿಸಿಹೋಗಿದ್ದವು. ಮೂರು ನಿಮಿಷದ ತುಣುಕುಗಳು ಮಾತ್ರ ಉಳಿದಿದ್ದವು. ಇಡೀ ತಿರುಗಾಟವನ್ನು ಮಾರುವವರು ಅದನ್ನು ಇಡೀಯಾಗಿ ಕಾಪಿಡಬೇಕೆಂದು ಅವರಿಗೆ ಬರೆದಿದ್ದೇನೆ. ಅಲ್ಲಿಯವರೆಗೆ, ಚಂದಾ ಕಟ್ಟುವವರು ಮತ್ತೆ ನೋಡಬೇಕೆನ್ನಿಸಿದ ಪಂದ್ಯಗಳನ್ನು ಆಟಿ ತಿಂಗಳ ಮಳೆಯಲ್ಲಿ, ಆಗಸ್ಟ್ ಮುಗಿಯುವುದರೊಳಗೆ ನೋಡಿ ಮುಗಿಸಲಿ.